ಆ ಚುಕ್ಕೆ ಯಾವ ವಿಮಾನದ್ದು?

1967ರ ಆಗಸ್ಟ್ 27, ಭಾನುವಾರ. ಅಮೆರಿಕದ ಒಹಾಯೊ ರಾಜ್ಯದ ಆಕಾಶದಲ್ಲಿ, 20,000 ಅಡಿ ಎತ್ತರದಲ್ಲಿ ಹಾರುತ್ತಿದ್ದ ವಿಮಾನದಿಂದ ಹದಿನೆಂಟು ಜನ ಹೊರಗೆ ಜಿಗಿದರು. ಎಲ್ಲರ ಬೆನ್ನಿಗೂ ಪ್ಯಾರಾಚೂಟ್ ಇತ್ತು. ಕೆಳಗೆ ಒಂದು ಸಣ್ಣ ವಿಮಾನ ನಿಲ್ದಾಣವಿದೆ, ಅಲ್ಲಿಗೆ ಇಳಿಯುತ್ತೇವೆ ಎಂಬುದು ಅವರ ನಂಬಿಕೆ. ನೆಲ ಕಾಣುತ್ತಿರಲಿಲ್ಲ. ಮೋಡ ಮುಚ್ಚಿತ್ತು.

ಮೋಡ ದಾಟಿ ಕೆಳಗೆ ಬಂದಾಗ ಅವರಿಗೆ ಕಂಡದ್ದು ನೀರು. ಎಲ್ಲಿ ನೋಡಿದರೂ ನೀರು. ಅದು ಈರಿ ಸರೋವರ.

ಹದಿನಾರು ಜನ ಮುಳುಗಿ ಸತ್ತರು. ಇಬ್ಬರನ್ನು ಮಾತ್ರ ದೋಣಿಯಲ್ಲಿದ್ದವರು ಎತ್ತಿಕೊಂಡು ಉಳಿಸಿದರು.

ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಆದ ದುರಂತವಲ್ಲ ಇದು. ವಿಮಾನ ಕೆಟ್ಟು ಬಿದ್ದದ್ದೂ ಅಲ್ಲ. ರೇಡಿಯೊ ಕೈಕೊಟ್ಟದ್ದೂ ಅಲ್ಲ. ವಿಮಾನದ ಪೈಲಟ್ ಮತ್ತು ನೆಲದ ಮೇಲೆ ರೇಡಾರ್ ಮುಂದೆ ಕೂತಿದ್ದ ಕಂಟ್ರೋಲರ್ ಪರಸ್ಪರ ಮಾತಾಡುತ್ತಲೇ ಇದ್ದರು. ಆದರೆ ಒಬ್ಬರು ಒಂದು ವಿಮಾನದ ಬಗ್ಗೆ ಕೇಳುತ್ತಿದ್ದರು, ಇನ್ನೊಬ್ಬರು ಬೇರೊಂದು ವಿಮಾನವನ್ನು ನೋಡಿಕೊಂಡು ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಅದು ಗೊತ್ತಾಗಲಿಲ್ಲ.

ಇಷ್ಟೆಲ್ಲ ಯಂತ್ರಗಳಿದ್ದೂ ಇಂಥ ತಪ್ಪು ಹೇಗಾಯಿತು? ಅದನ್ನು ತಿಳಿಯಲು ಆಕಾಶಕ್ಕೂ ನೆಲಕ್ಕೂ ಮಾತು ಶುರುವಾದ ಕಾಲಕ್ಕೆ ಒಮ್ಮೆ ಹೋಗಿ ಬರೋಣ.

ಬಾವುಟದಿಂದ ರೇಡಿಯೊಗೆ

ವಿಮಾನ ಮತ್ತು ಪ್ಯಾರಾಚೂಟಿನ ಚರಿತ್ರೆಯಲ್ಲಿ ಒಹಾಯೊ ಮತ್ತೆ ಮತ್ತೆ ಬರುವ ಹೆಸರು. ವಿಮಾನ ಕಂಡುಹಿಡಿದ ರೈಟ್ ಸಹೋದರರ ಊರು ಡೇಟನ್ ಇರುವುದು ಅಲ್ಲೇ. 1919ರ ಏಪ್ರಿಲ್ 28ರಂದು ಅದೇ ಡೇಟನ್ನಿನ ಮೆಕ್ಕುಕ್ ಫೀಲ್ಡ್‌ನಲ್ಲಿ ಲೆಸ್ಲಿ ಇರ್ವಿನ್ ಎಂಬಾತ ಹಾರುವ ವಿಮಾನದಿಂದ ಜಿಗಿದು, ಸ್ವಲ್ಪ ಹೊತ್ತು ಹಾಗೇ ಬಿದ್ದು, ತನ್ನ ಕೈಯಿಂದಲೇ ಹಗ್ಗ ಎಳೆದು ಪ್ಯಾರಾಚೂಟ್ ಬಿಚ್ಚಿದ. ಅದಕ್ಕಿಂತ ಮೊದಲಿನ ಪ್ಯಾರಾಚೂಟ್‌ಗಳನ್ನು ಸಾಮಾನ್ಯವಾಗಿ ವಿಮಾನಕ್ಕೋ ಬಲೂನಿಗೋ ಕಟ್ಟಿದ ಹಗ್ಗವೇ ಎಳೆದು ಬಿಚ್ಚುತ್ತಿತ್ತು. ಮನುಷ್ಯ ಗಾಳಿಯಲ್ಲಿ ಬೀಳುತ್ತಲೇ ಕೈಯಾಡಿಸಬಲ್ಲ, ಪ್ರಜ್ಞೆ ತಪ್ಪುವುದಿಲ್ಲ ಎಂದು ಅವತ್ತು ಜನಕ್ಕೆ ಖಾತ್ರಿಯಾಯಿತು. ಇಳಿಯುವಾಗ ಇರ್ವಿನ್ ಕಾಲಿನ ಗಿಣ್ಣು ಮುರಿದುಕೊಂಡ, ಅಷ್ಟೇ.

ಆಗ ಪೈಲಟ್ ಯಾರನ್ನೂ ಕೇಳಬೇಕಿರಲಿಲ್ಲ. ಕೇಳೋಣವೆಂದರೂ ಯಾರೂ ಇರಲಿಲ್ಲ. ಆಕಾಶ ಖಾಲಿ ಇತ್ತು.

ಖಾಲಿ ಆಕಾಶ ಬಹಳ ದಿನ ಉಳಿಯಲಿಲ್ಲ. 1929ರಲ್ಲಿ ಸೇಂಟ್ ಲೂಯಿಸ್ ನಗರದ ವಿಮಾನ ನಿಲ್ದಾಣದಲ್ಲಿ ಆರ್ಚಿ ಲೀಗ್ ಎಂಬಾತನನ್ನು ಒಂದು ಹೊಸ ಕೆಲಸಕ್ಕೆ ಇಟ್ಟುಕೊಂಡರು. ಆತ ತಳ್ಳುಗಾಡಿಯಲ್ಲಿ ಒಂದು ಕುರ್ಚಿ, ದೊಡ್ಡ ಛತ್ರಿ, ಬುತ್ತಿ, ಕುಡಿಯುವ ನೀರು, ಎರಡು ಬಾವುಟ ಹಾಕಿಕೊಂಡು ಬಯಲಿಗೆ ಹೋಗುತ್ತಿದ್ದ. ಕೆಂಪು ಬಾವುಟ ಎತ್ತಿದರೆ ‘ನಿಲ್ಲು’, ಚೌಕಳಿ ಬಾವುಟ ಎತ್ತಿದರೆ ‘ಹೊರಡು’. ನಮ್ಮ ರೈಲ್ವೆ ಗೇಟಿನವರ ಕೆಲಸವೇ ಹೆಚ್ಚುಕಡಿಮೆ. ಇವತ್ತು ಏರ್ ಟ್ರಾಫಿಕ್ ಕಂಟ್ರೋಲ್ ಎಂದು ಕರೆಯುವ ದೊಡ್ಡ ವ್ಯವಸ್ಥೆಯ ಮೊದಲ ಆಳುಗಳಲ್ಲಿ ಆತನೂ ಒಬ್ಬ.

ಬಾವುಟಕ್ಕೆ ಒಂದು ಗುಣವಿದೆ. ತೋರಿಸುವವನಿಗೆ ವಿಮಾನ ಕಣ್ಣಾರೆ ಕಾಣುತ್ತದೆ, ಪೈಲಟ್‌ಗೆ ಬಾವುಟ ಕಣ್ಣಾರೆ ಕಾಣುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬ ಗೊಂದಲ ಕಡಿಮೆ. ಆದರೆ ಮಂಜು ಮುಸುಕಿದರೆ, ರಾತ್ರಿಯಾದರೆ ಬಾವುಟದಿಂದ ಪ್ರಯೋಜನವಿಲ್ಲ. ಮರುವರ್ಷ, 1930ರಲ್ಲಿ, ಒಹಾಯೊದ ಕ್ಲೀವ್‌ಲ್ಯಾಂಡ್ ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ಗೆ ರೇಡಿಯೊ ಬಂತು. ಈಗ ದನಿ ದೂರ ಹೋಗುತ್ತಿತ್ತು. ಆದರೆ ದನಿಯ ಹಿಂದೆ ಇರುವವರ ಮುಖ ಕಾಣುತ್ತಿರಲಿಲ್ಲ.

ಕತ್ತಲ ಕೋಣೆಯ ಚುಕ್ಕೆಗಳು

ಎರಡನೇ ಮಹಾಯುದ್ಧ ರೇಡಾರ್ ಕೊಟ್ಟಿತು. ರೇಡಾರ್ ಕೆಲಸ ಮಾಡುವ ಬಗೆ ಸರಳ. ಬಾವಿಯೊಳಗೆ ಕೂಗಿದರೆ ನಮ್ಮ ದನಿ ವಾಪಸ್ ಬರುತ್ತದಲ್ಲ, ಹಾಗೆ. ರೇಡಾರ್ ಗಾಳಿಗೆ ರೇಡಿಯೊ ಅಲೆ ಬಿಡುತ್ತದೆ, ಅದು ವಿಮಾನದ ಲೋಹಕ್ಕೆ ಬಡಿದು ಹಿಂದಕ್ಕೆ ಬರುತ್ತದೆ. ಬಂದ ದಿಕ್ಕು ಮತ್ತು ತೆಗೆದುಕೊಂಡ ಸಮಯದಿಂದ ವಿಮಾನ ಎಲ್ಲಿದೆ ಎಂದು ಲೆಕ್ಕ ಸಿಗುತ್ತದೆ. ಪರದೆಯ ಮೇಲೆ ಒಂದು ಚುಕ್ಕೆ ಮಿನುಗುತ್ತದೆ.

1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಜನ ಸತ್ತರು. ಅಲ್ಲಿ ಅವರನ್ನು ನೋಡುವ ರೇಡಾರ್ ಇರಲಿಲ್ಲ. ದೇಶವೇ ಬೆಚ್ಚಿತು. 1958ರಲ್ಲಿ ಹೊಸ ಕಾನೂನು ಬಂತು, ಆಕಾಶದ ಸಂಚಾರ ನೋಡಿಕೊಳ್ಳಲು ಹೊಸ ಸಂಸ್ಥೆ ಹುಟ್ಟಿತು. ಇವತ್ತು ಎಫ್‌ಎಎ ಎಂದು ಕರೆಯುವುದು ಅದನ್ನೇ. ಊರೂರಿಗೆ ರೇಡಾರ್ ಹೆಚ್ಚಿತು.

ಆದರೆ ಆ ಕಾಲದ ರೇಡಾರಿನ ಬರಿಯ ಚುಕ್ಕೆಗೆ ಹೆಸರಿರಲಿಲ್ಲ. ಎಷ್ಟು ಎತ್ತರದಲ್ಲಿದೆ ಎಂಬುದೂ ಅದರಿಂದ ಗೊತ್ತಾಗುತ್ತಿರಲಿಲ್ಲ. ದೊಡ್ಡ ವಿಮಾನವೋ ಚಿಕ್ಕದೋ ಎಂದು ಖಚಿತವಾಗಿ ಹೇಳುವುದೂ ಕಷ್ಟ. ಅಂದಿನ ಅನೇಕ ಕೇಂದ್ರಗಳಲ್ಲಿ ರೇಡಾರ್ ಪರದೆಯನ್ನು ಮೇಜಿನಂತೆ ಅಡ್ಡಡ್ಡ ಮಲಗಿಸಿರುತ್ತಿದ್ದರು. ಕಂಟ್ರೋಲರ್‌ಗಳು ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆಗಳ ಮೇಲೆ ವಿಮಾನದ ಗುರುತು ಬರೆದು, ಚುಕ್ಕೆ ಸರಿದಂತೆಲ್ಲ ಬಿಲ್ಲೆಯನ್ನೂ ಕೈಯಿಂದ ಸರಿಸುತ್ತಿದ್ದರು. ಚೌಕಾಬಾರದ ಕಾಯಿ ನಡೆಸಿದಂತೆ.

ಬಿಲ್ಲೆ ಸರಿಯಾದ ಚುಕ್ಕೆಯ ಮೇಲಿದ್ದರೆ ಎಲ್ಲ ಸರಿ. ತಪ್ಪು ಚುಕ್ಕೆಯ ಮೇಲೆ ಕೂತರೆ, ಅಲ್ಲಿಂದ ಮುಂದಿನ ಪ್ರತಿ ಮಾತೂ ತಪ್ಪು.

ಜಿಗಿಯುವವರು ಬಂದರು

ಯುದ್ಧ ಇನ್ನೊಂದನ್ನೂ ಕೊಟ್ಟಿತ್ತು. ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದು ಅಭ್ಯಾಸವಾಗಿದ್ದ ಸಾವಿರಾರು ಸೈನಿಕರು ಮನೆಗೆ ಮರಳಿದ್ದರು. ಸೇನೆಗೆ ಬೇಡವಾದ ವಿಮಾನಗಳು, ಪ್ಯಾರಾಚೂಟ್‌ಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಜೀವ ಉಳಿಸಿಕೊಳ್ಳುವ ಸಾಧನ ಆಟದ ಸಾಧನವಾಯಿತು. 1959ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ ಜಾಕ್ವೆಸ್ ಇಸ್ಟೆಲ್ ಎಂಬಾತ ಕ್ರೀಡಾ ಪ್ಯಾರಾಚೂಟ್ ಕೇಂದ್ರ ತೆರೆದ. ಸ್ಕೈಡೈವಿಂಗ್ ಎಂಬ ಹೆಸರು ಜನರ ಬಾಯಲ್ಲಿ ಓಡಾಡತೊಡಗಿತು. ನಮ್ಮಲ್ಲಿ ಮೈಸೂರು ದಸರಾಕ್ಕೆ ವಾಯುಪಡೆಯ ಆಕಾಶಗಂಗಾ ತಂಡದವರು ಬನ್ನಿಮಂಟಪದ ಮೈದಾನಕ್ಕೆ ಇಳಿದದ್ದನ್ನು ನೀವು ಟಿವಿಯಲ್ಲಾದರೂ ನೋಡಿರಬಹುದು. ಅದೇ ವಿದ್ಯೆ.

ಜಿಗಿಯುವವರನ್ನು ಹೊತ್ತೊಯ್ಯುವ ಪೈಲಟ್‌ನ ಕೆಲಸ ಉಳಿದ ಪೈಲಟ್‌ಗಳ ಕೆಲಸದಂತಲ್ಲ. ಅವನು ಹೋಗುವುದು ಎಲ್ಲಿಗೂ ಅಲ್ಲ. ನೇರ ಮೇಲಕ್ಕೆ ಹತ್ತಿ, ಒಂದು ಜಾಗದ ಮೇಲೆ ಜನರನ್ನು ಇಳಿಸಿ, ಬೇಗ ಕೆಳಗೆ ಬಂದು, ಮತ್ತೆ ಹತ್ತುತ್ತಾನೆ. ಅವನು ಆಕಾಶಕ್ಕೆ ಬಿಟ್ಟ ಜನ ರೇಡಾರ್‌ಗೆ ಕಾಣುವುದಿಲ್ಲವೆಂದೇ ಲೆಕ್ಕ. ಅವರು ಬೀಳುತ್ತಿರುವ ದಾರಿಯಲ್ಲಿ ಬೇರೆ ವಿಮಾನ ಬಂದರೆ? 1993ರಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್‌ನಲ್ಲಿ ಹಾಗೇ ಆಯಿತು. ಜಿಗಿದಿದ್ದ ಒಬ್ಬರು ಸಣ್ಣ ವಿಮಾನದ ಬಾಲಕ್ಕೆ ಬಡಿದರು. ಜಿಗಿದವರು ಬದುಕಿದರು, ವಿಮಾನದಲ್ಲಿದ್ದ ನಾಲ್ವರೂ ಸತ್ತರು. ಅದಕ್ಕೇ ಜಿಗಿಸುವ ಪೈಲಟ್ ಕಂಟ್ರೋಲರ್ ಜೊತೆ ಮಾತಾಡಲೇಬೇಕು. ‘ನಾನು ಇಂಥಲ್ಲಿದ್ದೇನೆ, ಜನರನ್ನು ಬಿಡುತ್ತಿದ್ದೇನೆ, ಕೆಳಗೆ ಯಾರಾದರೂ ಬರುತ್ತಿದ್ದಾರಾ?’ ಇಷ್ಟು ಆ ಮಾತಿನ ತಿರುಳು.

ಆ ಭಾನುವಾರ

ಈಗ 1967ಕ್ಕೆ ಬರೋಣ. ಅವತ್ತು ಬಳಸಿದ್ದು ಬಿ-25 ವಿಮಾನ. ಯುದ್ಧದಲ್ಲಿ ಬಾಂಬ್ ಹಾಕಲು ಕಟ್ಟಿದ್ದು. ಸಾಮಾನ್ಯ ಸಣ್ಣ ವಿಮಾನಗಳಿಗಿಂತ ಹೆಚ್ಚು ಎತ್ತರಕ್ಕೆ, ಹೆಚ್ಚು ಜನರನ್ನು ಒಯ್ಯಬಲ್ಲದ್ದು. ಅಷ್ಟು ಎತ್ತರದಿಂದ ಜಿಗಿಯುವ ಅವಕಾಶ ದಿನಾ ಸಿಗುವುದಲ್ಲ. ಇಳಿಯಬೇಕಿದ್ದ ಜಾಗ ವೇಕ್‌ಮನ್ ಎಂಬ ಊರಿನ ಹತ್ತಿರದ ಆರ್ಟ್ನರ್ ಫೀಲ್ಡ್. ಅದರ ಉತ್ತರಕ್ಕೆ ಈರಿ ಸರೋವರ. ಸರೋವರವೆಂದರೆ ನಮ್ಮ ಕೆರೆಗಳ ಲೆಕ್ಕವಲ್ಲ. ಸುಮಾರು 25,700 ಚದರ ಕಿಲೋಮೀಟರ್ ಹರಡಿದ ನೀರು. ಆಚೆ ದಡ ಕೆನಡಾ ದೇಶ.

ವಿಮಾನ ಮೋಡದ ಮೇಲಿತ್ತು. ಕಿಟಕಿಯಿಂದ ನೋಡಿ ‘ಇದು ನಮ್ಮ ಜಾಗ’ ಎನ್ನುವಂತಿರಲಿಲ್ಲ. ಪೈಲಟ್ ರೇಡಿಯೊದಲ್ಲಿ ಕಂಟ್ರೋಲರ್‌ನ ನೆರವು ಪಡೆದ. ಆ ಪ್ರದೇಶದ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಕೇಂದ್ರ ಇದ್ದದ್ದು ಓಬರ್ಲಿನ್ ಎಂಬ ಊರಿನಲ್ಲಿ.

ಅದೇ ಹೊತ್ತಿಗೆ ಇನ್ನೊಂದು ವಿಮಾನ ಆಕಾಶದಲ್ಲಿತ್ತು. ಸೆಸ್ನಾ 180, ಚಿಕ್ಕದು. ಜಿಗಿಯುವವರ ಫೋಟೊ ತೆಗೆಯಲು ಬಂದದ್ದು. ಅದು ಆರ್ಟ್ನರ್ ಫೀಲ್ಡ್ ಹತ್ತಿರ ಹಾರುತ್ತಿತ್ತು. ಕಂಟ್ರೋಲರ್ ಆ ಸೆಸ್ನಾದ ಚುಕ್ಕೆಯನ್ನೇ ಬಿ-25 ಎಂದು ತಿಳಿದ. ಚುಕ್ಕೆ ನಿಲ್ದಾಣದ ಮೇಲೆ ಬಂದಾಗ ಬಿ-25ರ ಪೈಲಟ್‌ಗೆ ಅದೇ ಮಾಹಿತಿ ಹೋಯಿತು. ಚುಕ್ಕೆಯ ಬಗ್ಗೆ ಆತ ಹೇಳಿದ್ದು ನಿಜವೇ. ಆ ಚುಕ್ಕೆ ಯಾರದ್ದು ಎಂಬುದೊಂದೇ ತಪ್ಪು.

ಬಿ-25 ಆಗ ಇದ್ದದ್ದು ನಿಲ್ದಾಣದಿಂದ ಹತ್ತು ಮೈಲಿಗೂ ಹೆಚ್ಚು ದೂರ, ಸರೋವರದ ನೀರಿನ ಮೇಲೆ.

ಹದಿನೆಂಟು ಜನ ಜಿಗಿದರು. ಅಷ್ಟು ಎತ್ತರದಿಂದ ಪ್ಯಾರಾಚೂಟ್ ಬಿಚ್ಚುವ ಮಟ್ಟಕ್ಕೆ ಬರಲು ಒಂದೂವರೆ ನಿಮಿಷದ ಆಸುಪಾಸು. ಮೇಲೆ ಚಳಿ ಹೆಚ್ಚು, ಹಾಗಾಗಿ ಅಷ್ಟು ಎತ್ತರಕ್ಕೆ ಹೋಗುವವರು ದಪ್ಪ ಬಟ್ಟೆ, ಬೂಟು ಹಾಕಿಕೊಳ್ಳುತ್ತಾರೆ. ನೆಲಕ್ಕೆ ಇಳಿಯುವವರ ಸಿದ್ಧತೆ ಅದು. ನೀರಿಗೆ ಬಿದ್ದಾಗ ಆ ಬಟ್ಟೆ, ಆ ಬೂಟು, ಒದ್ದೆಯಾದ ಪ್ಯಾರಾಚೂಟಿನ ಬಟ್ಟೆ, ಹಗ್ಗಗಳು ಎಲ್ಲವೂ ಕೆಳಕ್ಕೆ ಎಳೆಯುತ್ತವೆ. ಈಜು ಬಂದವರಿಗೂ ಅದು ಸುಲಭವಲ್ಲ.

ತಪ್ಪು ಯಾರದು?

ಅಮೆರಿಕದ ಸಾರಿಗೆ ಅಪಘಾತಗಳನ್ನು ತನಿಖೆ ಮಾಡುವ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಶುರುವಾಗಿ ಆಗ ಕೆಲವೇ ತಿಂಗಳಾಗಿತ್ತು. ಅದು ಒಬ್ಬರ ತಲೆಗೆ ಎಲ್ಲವನ್ನೂ ಕಟ್ಟಲಿಲ್ಲ. ಚುಕ್ಕೆ ತಪ್ಪಾಗಿ ಗುರುತಿಸಿದ ಕಂಟ್ರೋಲರ್‌ನದು ತಪ್ಪು ಎಂದಿತು. ನೆಲ ಕಾಣದಿದ್ದರೂ ಜನರನ್ನು ಜಿಗಿಸಿದ ಪೈಲಟ್‌ನದು ತಪ್ಪು ಎಂದಿತು. ಸ್ವಲ್ಪ ಮಟ್ಟಿಗೆ ಜಿಗಿದವರದೂ ತಪ್ಪು ಎಂದಿತು. ಮೋಡದೊಳಕ್ಕೆ ಜಿಗಿಯಬಾರದು ಎಂಬ ನಿಯಮ ಅಷ್ಟರಲ್ಲಾಗಲೇ ಇತ್ತು.

ಸತ್ತವರ ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ಕಂಟ್ರೋಲರ್ ಸರ್ಕಾರಿ ನೌಕರ. ಆತನ ತಪ್ಪಿಗೆ ಸರ್ಕಾರ ಹೊಣೆ ಹೊರಬೇಕೇ ಎಂಬುದು ಪ್ರಶ್ನೆ. 1970ರ ದಶಕದಲ್ಲಿ ನ್ಯಾಯಾಲಯಗಳು ಹೌದು ಎಂದವು. ಅಮೆರಿಕ ಸರ್ಕಾರವೇ ಹೊಣೆಯಾಯಿತು.

ಈ ಎರಡು ತೀರ್ಮಾನಗಳನ್ನು ಒಟ್ಟಿಗೆ ಇಟ್ಟು ನೋಡಿ. ಅಲ್ಲಿ ಕುಡಿದವರಿರಲಿಲ್ಲ, ಬೇಕೆಂದು ಕೇಡು ಮಾಡಿದವರಿರಲಿಲ್ಲ. ಜಿಗಿಯುವವರು ಪೈಲಟ್‌ನನ್ನು ನಂಬಿದರು. ಪೈಲಟ್ ಕಂಟ್ರೋಲರ್‌ನನ್ನು ನಂಬಿದ. ಕಂಟ್ರೋಲರ್ ಪರದೆಯ ಚುಕ್ಕೆಯನ್ನು ನಂಬಿದ. ಪ್ರತಿಯೊಬ್ಬರೂ ತಮಗಿಂತ ಮುಂದಿರುವವರು ನೋಡಿರುತ್ತಾರೆ ಎಂದುಕೊಂಡರು. ನೆಲವನ್ನು ಮಾತ್ರ ಯಾರೂ ನೋಡಲಿಲ್ಲ.

ಚುಕ್ಕೆಗೆ ಹೆಸರು ಕೊಡುವ ಬಗೆ

‘ಈ ಚುಕ್ಕೆ ನೀನೇನಾ?’ ಎಂದು ಕೇಳುವ ಉಪಾಯಗಳು ಹಳೆಯವೇ. ಒಂದು, ಪೈಲಟ್‌ಗೆ ವಿಮಾನ ತಿರುಗಿಸಲು ಹೇಳುವುದು. ಯಾವ ಚುಕ್ಕೆ ತಿರುಗಿತೋ ಅದು ಅವನದು. ಜಾತ್ರೆಯಲ್ಲಿ ಫೋನ್ ಮಾಡಿ ‘ನೀನೆಲ್ಲಿದ್ದೀಯಾ, ಕೈ ಎತ್ತು ನೋಡೋಣ’ ಎನ್ನುತ್ತೇವಲ್ಲ, ಅದೇ. ಇನ್ನೊಂದು, ಪೈಲಟ್ ಇರುವ ಜಾಗವನ್ನು ಅವನ ಬಾಯಿಂದಲೇ ಹೇಳಿಸಿ ಚುಕ್ಕೆಯ ಜೊತೆ ತಾಳೆ ನೋಡುವುದು.

ಮೂರನೆಯದು ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ. ರೇಡಾರಿನ ಅಲೆ ಬಂದು ಮುಟ್ಟಿದಾಗ ವಿಮಾನದ ಈ ಪೆಟ್ಟಿಗೆ ತಾನಾಗಿ ಉತ್ತರ ಕೊಡುತ್ತದೆ, ಜೊತೆಗೆ ನಾಲ್ಕು ಅಂಕಿಯ ಒಂದು ಸಂಖ್ಯೆ ಕಳಿಸುತ್ತದೆ. ಪ್ರತಿ ಅಂಕಿ 0ಯಿಂದ 7ರವರೆಗೆ ಮಾತ್ರ, ಹಾಗಾಗಿ ಒಟ್ಟು 4,096 ಸಂಖ್ಯೆಗಳು. ಕಂಟ್ರೋಲರ್ ಕೊಟ್ಟ ಸಂಖ್ಯೆಯನ್ನು ಪೈಲಟ್ ಹಾಕಿಕೊಂಡರೆ ಪರದೆಯ ಮೇಲೆ ಅವನ ಗುರುತು ಬೇರೆಯಾಗಿ ಕಾಣುತ್ತದೆ. ಪೈಲಟ್ ಒಂದು ಗುಂಡಿ ಒತ್ತಿದರೆ ಆ ಗುರುತು ಸ್ವಲ್ಪ ಹೊತ್ತು ಇನ್ನೂ ಎದ್ದು ಕಾಣುತ್ತದೆ. ಕಂಪ್ಯೂಟರ್ ಬಂದ ಮೇಲೆ ಪ್ಲಾಸ್ಟಿಕ್ ಬಿಲ್ಲೆಗಳು ಹೋದವು. ಈಗ ಚುಕ್ಕೆಯ ಪಕ್ಕದಲ್ಲೇ ವಿಮಾನದ ಹೆಸರು, ಎತ್ತರ, ವೇಗ ಬರುತ್ತದೆ. ವಿಮಾನದೊಳಗೆ ಜಿಪಿಎಸ್ ಇದೆ. ನಿಮ್ಮ ಕೈಯ ಫೋನಿನಲ್ಲಿ ದಾರಿ ತೋರಿಸುವುದೂ ಅದೇ.

ನಿಯಮಗಳೂ ಬಿಗಿಯಾಗಿವೆ. ಅಮೆರಿಕದಲ್ಲಿ ಇವತ್ತು ಜನರನ್ನು ಜಿಗಿಸುವ ಮುನ್ನ ಅಧಿಕಾರಿಗಳಿಗೆ ತಿಳಿಸಬೇಕು ಅಥವಾ ಅನುಮತಿ ಪಡೆಯಬೇಕು. ಯಾವುದು ಬೇಕು ಎಂಬುದು ಆಕಾಶದ ಆ ಭಾಗದ ಮೇಲೆ ನಿಂತಿದೆ. ತಿಳಿಸುವುದಾದರೆ ಕನಿಷ್ಠ ಒಂದು ಗಂಟೆ ಮೊದಲು ತಿಳಿಸಬೇಕು. ಜಿಗಿಯುವ ಕನಿಷ್ಠ 5 ನಿಮಿಷ ಮೊದಲು ಪೈಲಟ್ ಕಂಟ್ರೋಲರ್ ಜೊತೆ ರೇಡಿಯೊ ಸಂಪರ್ಕ ಮಾಡಿ, ಸುತ್ತ ಯಾವ ವಿಮಾನಗಳಿವೆ ಎಂದು ಕೇಳಿಕೊಳ್ಳಬೇಕು. ರೇಡಿಯೊ ಕೆಟ್ಟರೆ ಜಿಗಿತ ನಿಲ್ಲಿಸಬೇಕು. 10,000 ಅಡಿಗಿಂತ ಮೇಲೆ ಕನಿಷ್ಠ 5 ಮೈಲಿ, ಕೆಳಗೆ 3 ಮೈಲಿ ದೂರ ಕಣ್ಣಿಗೆ ಕಾಣುತ್ತಿರಬೇಕು. ಮೋಡದೊಳಕ್ಕೆ, ಮೋಡದ ಮೂಲಕ ಜಿಗಿಯುವಂತಿಲ್ಲ. ಕಂಟ್ರೋಲರ್ ಏನಾದರೂ ಸೂಚನೆ ಕೊಟ್ಟರೆ ಪೈಲಟ್ ಬರಿ ‘ಸರಿ’ ಎನ್ನುವುದಿಲ್ಲ, ಕೇಳಿದ್ದನ್ನು ತಿರುಗಿ ಹೇಳಿ ಒಪ್ಪಿಸುತ್ತಾನೆ.

ಇಷ್ಟೆಲ್ಲ ಇದ್ದರೂ ಸ್ಕೈಡೈವಿಂಗ್ ಕಲಿಸುವವರು ಒಂದು ಹಳೆಯ ಅಭ್ಯಾಸ ಬಿಟ್ಟಿಲ್ಲ. ಬಾಗಿಲು ತೆರೆದ ಮೇಲೆ ಮೊದಲು ಜಿಗಿಯುವವರು ತಲೆ ಹೊರಗೆ ಹಾಕಿ ಕೆಳಗೆ ನೋಡುತ್ತಾರೆ. ಮೈದಾನ ಕಾಣುತ್ತಿದೆಯಾ? ಕೆಳಗೆ ಬೇರೆ ವಿಮಾನ ಇದೆಯಾ? ಮೋಡ ಇದೆಯಾ? ಪೈಲಟ್ ಹಸಿರು ದೀಪ ಹಾಕಿದರೂ ತಮಗೆ ಕಾಣದಿದ್ದರೆ ಅವರು ಜಿಗಿಯುವುದಿಲ್ಲ. ಕಂಟ್ರೋಲರ್ ಬೇರೆ ವಿಮಾನಗಳ ಸುದ್ದಿ ಕೊಡಬಹುದು, ಪೈಲಟ್ ಜಾಗಕ್ಕೆ ಕರೆದೊಯ್ಯಬಹುದು. ಕೊನೆಯ ನೋಟ ಜಿಗಿಯುವವರದೇ.

ನಮ್ಮ ಕಂಬದ ಮೇಲೆ

ಇದನ್ನು ಬರೆಯುತ್ತಿರುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ನಮ್ಮ ಊರುಗಳ ಲೈನ್‌ಮ್ಯಾನ್‌ಗಳು. ಕಂಬ ಹತ್ತುವ ಮೊದಲು ಅವರು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತಾರೆ. ಸಬ್‌ಸ್ಟೇಷನ್‌ನಲ್ಲಿ ಕೂತವರಿಗೆ ಕಂಬ ಕಾಣುವುದಿಲ್ಲ. ಕಂಬದ ಬುಡದಲ್ಲಿ ನಿಂತವರಿಗೆ ಸ್ವಿಚ್ ಕಾಣುವುದಿಲ್ಲ. ನಡುವೆ ಇರುವುದು ಫೋನಿನ ದನಿ ಒಂದೇ. ಸಬ್‌ಸ್ಟೇಷನ್‌ನಿಂದ ಹೊರಡುವ ಫೀಡರ್‌ಗಳು ಹಲವು. ‘ಆಫ್ ಮಾಡಿದೀನಿ, ಹತ್ತು’ ಎಂದವರು ನಿಜವನ್ನೇ ಹೇಳುತ್ತಿರಬಹುದು. ಆಫ್ ಆದದ್ದು ಪಕ್ಕದ ಫೀಡರ್ ಆಗಿದ್ದರೆ?

ಅನುಭವವಿರುವ ಲೈನ್‌ಮ್ಯಾನ್ ಅದಕ್ಕೇ ಮತ್ತೆ ಕೇಳುತ್ತಾರೆ. ‘ಅಣ್ಣಾ, ಯಾವ ಫೀಡರ್ ಆಫ್ ಮಾಡಿದ್ರಿ, ಹೆಸರು ಹೇಳಿ.’ ಹೆಸರು ಕೇಳಿಸಿಕೊಂಡ ಮೇಲೂ ಸುಮ್ಮನೆ ತಂತಿ ಮುಟ್ಟುವುದಿಲ್ಲ. ಕರೆಂಟ್ ಇಲ್ಲವೆಂದು ಪರೀಕ್ಷೆ ಮಾಡಿ, ಅರ್ತ್ ಕೊಟ್ಟು, ಆಮೇಲೆ ಕೈ ಹಾಕುತ್ತಾರೆ. ವಿಮಾನದ ಬಾಗಿಲಲ್ಲಿ ತಲೆ ಹೊರಗೆ ಹಾಕಿ ನೆಲ ನೋಡುವುದೂ ಇದೇ ಕೆಲಸ.

ಎರಡನೇ ಸಲ ಕೇಳಲು ನಮಗೆ ಸಂಕೋಚ. ದೊಡ್ಡವರು ಹೇಳಿದ್ದಾರೆ, ಆಫೀಸಿನವರು ಹೇಳಿದ್ದಾರೆ, ಮತ್ತೆ ಕೇಳಿದರೆ ‘ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ’ ಎಂದಾರು ಎಂಬ ಅಂಜಿಕೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ಹೆಸರು ಕೇಳಿದರೆ ‘ಆಗಲೇ ಹೇಳಿದೆನಲ್ಲಮ್ಮ’ ಎಂದು ನಾವೇ ಸಿಡುಕುತ್ತೇವೆ. ಮತ್ತೆ ಕೇಳುವವರು ಅವಮಾನ ಮಾಡುತ್ತಿಲ್ಲ. ನಾವಿಬ್ಬರೂ ಒಂದೇ ಕಂಬದ ಬಗ್ಗೆ, ಒಂದೇ ರೋಗಿಯ ಬಗ್ಗೆ ಮಾತಾಡುತ್ತಿದ್ದೇವಾ ಎಂದು ನೋಡಿಕೊಳ್ಳುತ್ತಿದ್ದಾರೆ.

1967ರ ಆ ಭಾನುವಾರ ಪೈಲಟ್‌ಗೆ ಒಂದು ಸಲ ವಿಮಾನ ತಿರುಗಿಸಲು ಹೇಳಿ, ಚುಕ್ಕೆ ತಿರುಗಿತಾ ಎಂದು ನೋಡಿದ್ದರೆ ಸಾಕಿತ್ತು. ಅದಕ್ಕೆ ಒಂದೆರಡು ನಿಮಿಷ ಹಿಡಿಯುತ್ತಿತ್ತು. ನಿಮ್ಮೂರಿನ ಲೈನ್‌ಮ್ಯಾನ್ ಕಂಬದ ಬುಡದಲ್ಲಿ ನಿಂತು ಫೋನಿನಲ್ಲಿ ಎರಡನೇ ಸಲ ಕೇಳುತ್ತಿದ್ದರೆ, ಕರೆಂಟ್ ಬರುವುದು ತಡವಾಯಿತೆಂದು ಅವಸರ ಮಾಡಬೇಡಿ. ಕೇಳಲಿ ಬಿಡಿ.